ಕೊಹಿನೂರಿನ ದಾರಿ, ಹನ್ನೆರಡು ಡಾಲರಿನ ಶಾಲೆ

ಕೊಹಿನೂರ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿರುವ ಆ ವಜ್ರ. ಫಾರ್ಸಿಯಲ್ಲಿ ಕೊಹಿನೂರ್ ಎಂದರೆ ಬೆಳಕಿನ ಬೆಟ್ಟ. ಆದರೆ ನಮ್ಮ ರಾಜ್ಯದಲ್ಲೇ, ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ, ಅದೇ ಹೆಸರಿನ ಒಂದು ಊರಿದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅದೊಂದು ಹೋಬಳಿ ಕೇಂದ್ರ. ಅಲ್ಲಿ ವಜ್ರವಿಲ್ಲ. ತೊಗರಿಯಿದೆ, ಜೋಳವಿದೆ, ಕಡಲೆಯಿದೆ. ಬೆಳಿಗ್ಗೆ ಬೆನ್ನಿಗೆ ಚೀಲ ಏರಿಸಿಕೊಂಡು ಬಸ್ಸಿಗಾಗಿ ಕಾಯುವ ಮಕ್ಕಳಿದ್ದಾರೆ. ಈ ಸಲ ನಿಮ್ಮನ್ನು ಆ ಕಡೆಗೆ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ದೂರದ ಒಂದು ಶಾಲೆಯ ಕಥೆಯನ್ನೂ ಹೇಳುತ್ತೇನೆ. ಆ ಶಾಲೆ ಕಟ್ಟಿದವರು ದೊಡ್ಡವರಲ್ಲ, ನಿಮ್ಮ ಮಗನ, ಮಗಳ ವಯಸ್ಸಿನ ಮಕ್ಕಳು.

ಹೆದ್ದಾರಿಯಿಂದ ಹಳ್ಳಿಗೆ

ಕರಾವಳಿಯಿಂದಲೋ ಬೆಂಗಳೂರಿನಿಂದಲೋ ಹೊರಟವರಿಗೆ ಬೀದರ್ ದೂರ. ಮೊದಲೆಲ್ಲ ಕಲಬುರಗಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕಿತ್ತು. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಹುಮನಾಬಾದಿಗೂ ರೈಲು ಬಂತು. ಪುಣೆ-ಹೈದರಾಬಾದ್ ಹೆದ್ದಾರಿ ಹುಮನಾಬಾದನ್ನು ಹಾದು ಹೋಗುತ್ತದೆ. ಲಾರಿಗಳ ಸದ್ದು, ಬಸ್ ನಿಲ್ದಾಣದ ಬಳಿ ಸುಸ್ಲಾ, ಮಿರ್ಚಿ ಬಜ್ಜಿಯ ಅಂಗಡಿಗಳು. ಒಂದೇ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ನಿಮ್ಮ ಕಿವಿಗೆ ಬೀಳುತ್ತವೆ. ಅಂಗಡಿಯವನು ನಾಲ್ಕರಲ್ಲೂ ಲೆಕ್ಕ ಹೇಳಬಲ್ಲ.

ಹೆದ್ದಾರಿಯಿಂದ ಸ್ವಲ್ಪ ಒಳಗೆ ಬಸವಕಲ್ಯಾಣ. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು, ಅಲ್ಲಮ ಪ್ರಭು, ಅಕ್ಕ ಮಹಾದೇವಿ ಕೂಡಿ ಕುಳಿತು ಮಾತಾಡಿದ ಊರು. ಕೋಟೆಯಿದೆ, ಹಳೆಯ ನವಾಬರ ಮನೆತನದ ಗುರುತುಗಳಿವೆ, ರಾಜಾ ಬಾಗ್ ಸವಾರ್ ದರ್ಗಾ ಇದೆ. ದರ್ಗಾಕ್ಕೆ ಎಲ್ಲ ಜಾತಿಯವರೂ ಬರುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಅಂಗಡಿ ಹಾಕುವ ಮುಸ್ಲಿಮರೂ ಇದ್ದಾರೆ. ಇವರ ಮಟ್ಟಿಗೆ ಇದು ದೊಡ್ಡ ಸಂಗತಿಯೇನಲ್ಲ, ಅಜ್ಜನ ಕಾಲದಿಂದ ನಡೆದು ಬಂದದ್ದು.

ಇಲ್ಲಿಂದ ಕೊಹಿನೂರಿನ ಕಡೆಗೆ ತಿರುಗಿದರೆ ದಾರಿಯ ಎರಡೂ ಬದಿ ಹೊಲ. ಕೆಲವು ಕಡೆ ಕೆಂಪು ಮಣ್ಣು, ಕೆಲವು ಕಡೆ ಕಪ್ಪು. ಚಳಿಗಾಲದಲ್ಲಿ ಬಂದರೆ ತೊಗರಿ ಒಣಗಿ ಕಟಾವಿಗೆ ನಿಂತಿರುತ್ತದೆ. ಬೇಸಗೆಯಲ್ಲಿ ಬಂದರೆ ಮಧ್ಯಾಹ್ನದ ಬಿಸಿಲಿಗೆ ರಸ್ತೆಯಲ್ಲಿ ಜನ ಕಾಣುವುದೇ ಕಡಿಮೆ. ಮಳೆ ನಂಬಿ ಬೆಳೆಯುವ ನಾಡು ಇದು. ಮಳೆ ಕೈಕೊಟ್ಟ ವರ್ಷ ಗಂಡಸರು ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ಕೂಲಿಗೆ ಹೋಗುತ್ತಾರೆ. ಕೆಲವೊಮ್ಮೆ ಇಡೀ ಸಂಸಾರವೇ ಹೋಗುತ್ತದೆ. ಸಂಸಾರದ ಜೊತೆ ಮಕ್ಕಳ ಶಾಲೆಯೂ ಹೋಗುತ್ತದೆ.

ಬಸ್ಸಿನ ಹುಡುಗಿಯರು

ಈ ದಾರಿಯ ಬಸ್ಸಿನಲ್ಲಿ ಬೆಳಿಗ್ಗೆ ಕೂತರೆ ನಿಮಗೆ ಕಾಣುವುದು ಹೆಚ್ಚಾಗಿ ಹುಡುಗಿಯರೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣು ಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಪಟ್ಟಣದಲ್ಲಿರುವ ನಮಗೆ ಅದು ಬರೀ ಉಳಿತಾಯವಾಗಿ ಕಂಡಿರಬಹುದು. ಇಲ್ಲಿ ಅದು ಕೆಲವು ಮನೆಗಳಲ್ಲಿ ಕಾಲೇಜಿನ ಪ್ರಶ್ನೆಯನ್ನೇ ಬಗೆಹರಿಸಿದೆ. ದಿನಕ್ಕೆ ಬಸ್ಸಿಗೆಂದು ಕೊಡಬೇಕಿದ್ದ ಹಣದ ಲೆಕ್ಕ ಹಾಕಿಯೇ ಎಷ್ಟೋ ತಂದೆಯಂದಿರು "ಸಾಕು ಬಿಡು" ಎನ್ನುತ್ತಿದ್ದರು.

ನನ್ನ ಪಕ್ಕದಲ್ಲಿ ಕೂತಿದ್ದವಳು ಹತ್ತನೆಯ ತರಗತಿಯ ಹುಡುಗಿ. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ. ಊರಿನ ಶಾಲೆ ಹೇಗಿದೆ ಎಂದು ಕೇಳಿದೆ.

"ಶಾಲಿ ಚಲೋ ಅದ ಬಾಜಿ. ಖೋಲಿ ಎಲ್ಲಾ ಅವ. ಲೆಕ್ಕಾ ಹೇಳಾಕ ಸರ್ ಇಲ್ಲ. ಹೋದ ವರ್ಷ ಆರು ತಿಂಗಳು ಯಾರೂ ಇರಲಿಲ್ಲ."

"ಹತ್ತು ಆದ ಮೇಲೆ?"

ಅವಳು ಕಿಟಕಿಯಾಚೆ ನೋಡಿದಳು. "ಪಾಸಾದ್ರ ಹುಮನಾಬಾದಿಗೆ ಕಳಿಸ್ತೀನಿ ಅಂತಾರ ಅಬ್ಬಾ. ಫೇಲಾದ್ರ ನಿಕಾಹ್ ಅಂತಾಳ ದಾದಿ."

ಅವಳು ಅಳಲಿಲ್ಲ, ದೂರಲೂ ಇಲ್ಲ. ಬಸ್ಸಿನ ವೇಳೆ ಹೇಳಿದಷ್ಟೇ ಸಹಜವಾಗಿ ಹೇಳಿದಳು. ಗಣಿತದ ಒಂದು ಪರೀಕ್ಷೆ, ಅದನ್ನು ಕಲಿಸಲು ಇಲ್ಲದ ಒಬ್ಬ ಶಿಕ್ಷಕ, ಅದರ ಮೇಲೆ ನಿಂತಿರುವ ಒಂದು ಹುಡುಗಿಯ ಮುಂದಿನ ನಲವತ್ತು ವರ್ಷ. ಇದನ್ನು ನೀವು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

2011ರ ಜನಗಣತಿಯ ಪ್ರಕಾರ ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70.51. ರಾಜ್ಯದ ಸರಾಸರಿ ಶೇ. 75.36. ಜಿಲ್ಲೆಯ ಮಹಿಳೆಯರದ್ದು ಸುಮಾರು ಶೇ. 61 ಮಾತ್ರ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39 ಎಂದು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಅದೇ ವರ್ಷ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದೂ ಬೀದರ್ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲೇ. ಹಸಿವೆ ಎಲ್ಲಿ ಹೆಚ್ಚೆಂದು ಸರಕಾರಕ್ಕೂ ಗೊತ್ತಿತ್ತು.

ಈ ನೆಲದಲ್ಲಿ ಶಾಲೆ ಕಟ್ಟಿದವರು

ಇಷ್ಟು ಓದಿ ಬೀದರಿನ ಜನರಿಗೆ ವಿದ್ಯೆಯ ಹಂಬಲವೇ ಇಲ್ಲವೆಂದು ನೀವು ತಿಳಿಯಬಾರದು. ಶಾಲೆ ಕಟ್ಟಿದವರ ಕಥೆ ಈ ಜಿಲ್ಲೆಯಲ್ಲಿ ಇರುವಷ್ಟು ಬೇರೆಡೆ ಸಿಗುವುದು ಕಷ್ಟ.

ಕೊಹಿನೂರಿಗೆ ಬಂದವರು ಬೀದರಿನ ಮಹಮೂದ್ ಗವಾನ್ ಮದ್ರಸವನ್ನು ನೋಡದೆ ಹಿಂದಿರುಗಬಾರದು. ಗವಾನ್ ಇರಾನಿನ ಗೀಲಾನಿನಿಂದ 1453ರಲ್ಲಿ ವ್ಯಾಪಾರಕ್ಕೆಂದು ಬಂದವರು. ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದರು. 1472ರಲ್ಲಿ ಮೂರು ಅಂತಸ್ತಿನ ಈ ಮದ್ರಸ ಕಟ್ಟಿಸಿದರು. ಗೋಡೆಗೆ ನೀಲಿ, ಹಸಿರು, ಹಳದಿ ಬಣ್ಣದ ಹೊಳೆಯುವ ಹೆಂಚು, ಮುಂದೆ ಎರಡು ಎತ್ತರದ ಮಿನಾರು. ಒಳಗೆ ಮಸೀದಿ, ಉಪನ್ಯಾಸದ ಕೋಣೆಗಳು, ಮೂರು ಸಾವಿರ ಗ್ರಂಥಗಳಿದ್ದ ಪುಸ್ತಕ ಭಂಡಾರ, ವಿದ್ಯಾರ್ಥಿಗಳಿಗೂ ಗುರುಗಳಿಗೂ ವಸತಿ. ದೂರದ ದೇಶಗಳಿಂದ ವಿದ್ವಾಂಸರನ್ನು ಕರೆಸಿದ್ದರು. ವೈರಿಗಳು ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನ ಕಿವಿ ಚುಚ್ಚಿದರು. 1481ರ ಏಪ್ರಿಲಿನಲ್ಲಿ ಆ ಮುದುಕನ ತಲೆ ಕಡಿಸಲಾಯಿತು. ಮಂತ್ರಿಯ ಮನೆಯಲ್ಲಿ ರಾಶಿ ಹೊನ್ನು ಸಿಗುತ್ತದೆಂದು ಹುಡುಕಿದವರಿಗೆ ಸಿಕ್ಕಿದ್ದು ಬಹಳ ಕಡಿಮೆ. ಗಳಿಸಿದ್ದನ್ನೆಲ್ಲ ಅವರು ಕೊಟ್ಟುಬಿಟ್ಟಿದ್ದರು. ಔರಂಗಜೇಬನ ಕಾಲದಲ್ಲಿ ಒಳಗೆ ಇಟ್ಟಿದ್ದ ಮದ್ದುಗುಂಡು ಸಿಡಿದು ಮುಂಭಾಗದ ಅರ್ಧ ಮತ್ತು ಒಂದು ಮಿನಾರು ಬಿದ್ದುಹೋದವು. ಉಳಿದ ಮಿನಾರಿನ ಕೆಳಗೆ ನಿಂತು ತಲೆಯೆತ್ತಿ ನೋಡಿ. ಹೆಂಚಿನ ಬಣ್ಣ ಐದೂವರೆ ಶತಮಾನದ ಬಿಸಿಲು ಕಂಡರೂ ಪೂರ್ತಿ ಅಳಿದಿಲ್ಲ.

ಇನ್ನೊಂದು ಕಥೆ ಭಾಲ್ಕಿಯದ್ದು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಆಡಳಿತದ, ವಿದ್ಯಾಭ್ಯಾಸದ ಭಾಷೆ ಉರ್ದು. ಹಳ್ಳಿಯ ಕನ್ನಡದ ಮಕ್ಕಳಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿಯುವ ದಾರಿ ಇರಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಈ ಜಿಲ್ಲೆಯಲ್ಲಿ ಮನೆಮನೆಯ ಮಾತು. 1890ರಲ್ಲಿ ಹುಟ್ಟಿದ ಅವರು 1999ರವರೆಗೆ ಬದುಕಿದ್ದರು. ಇದನ್ನು ಓದಿ ಉರ್ದು ಮನೆಮಾತಿನ ನಾವು ಮುಜುಗರಪಡಬೇಕಿಲ್ಲ. ಬೇರೆ ಭಾಷೆಯಲ್ಲಿ ಪಾಠ ಕೇಳಿ ಕಂಗಾಲಾಗುವ ಮಗುವಿನ ಕಷ್ಟ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಇಂದು ಉರ್ದು ಮಾಧ್ಯಮದಲ್ಲಿ ಏಳನೆಯವರೆಗೆ ಓದಿ, ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬರುವ ನಮ್ಮ ಹುಡುಗಿಯರ ಪಾಡು ಅದೇ. ಹೊಸ ಭಾಷೆಯಲ್ಲಿ ವಿಜ್ಞಾನ ಅರ್ಥವಾಗದೆ ಎಷ್ಟೋ ಮಂದಿ ಅಲ್ಲಿಗೇ ಶಾಲೆ ಬಿಡುತ್ತಾರೆ.

ನಮ್ಮ ಕಾಲದ್ದೇ ಒಂದು ಉದಾಹರಣೆ ಬೇಕೇ? ಬೀದರಿನ ಶಾಹೀನ್ ಸಂಸ್ಥೆಯನ್ನು ಎಂಜಿನಿಯರ್ ಅಬ್ದುಲ್ ಖದೀರ್ 1989ರಲ್ಲಿ ಆರಂಭಿಸಿದಾಗ ಇದ್ದದ್ದು ಇಪ್ಪತ್ತಕ್ಕೂ ಕಡಿಮೆ ಮಕ್ಕಳು. ಇಂದು ದೇಶದ ಬೇರೆ ರಾಜ್ಯಗಳಿಂದಲೂ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಯಾರಾಗಲು ಮಕ್ಕಳು ಬೀದರಿಗೆ ಬರುತ್ತಾರೆ. ಹಿಂದುಳಿದ ಜಿಲ್ಲೆಗೆ ಓದಲು ಬರುವ ಕಾಲವೂ ಬಂತು!

ಹನ್ನೆರಡು ಡಾಲರ್

ಈಗ ನಾನು ಹೇಳುತ್ತೇನೆಂದ ದೂರದ ಕಥೆ.

ಪಾಕಿಸ್ತಾನದ ಲಾಹೋರಿನ ಬಳಿ ಮುರೀದ್‌ಕೆ ಎಂಬ ಊರು. ಅಲ್ಲಿ ಇಕ್ಬಾಲ್ ಮಸೀಹ್ ಎಂಬ ಬಡ ಕ್ರೈಸ್ತ ಮನೆಯ ಹುಡುಗ. ಮನೆಯವರು ಮಾಡಿದ ಅಲ್ಪ ಸಾಲಕ್ಕಾಗಿ ನಾಲ್ಕನೆಯ ವಯಸ್ಸಿಗೇ ಅವನನ್ನು ರತ್ನಗಂಬಳಿ ನೇಯುವ ಕಾರ್ಖಾನೆಗೆ ಜೀತಕ್ಕೆ ಬಿಟ್ಟರು. ದಿನವಿಡೀ ಮಗ್ಗದ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಟು ಹಾಕುವ ಕೆಲಸ. ಹತ್ತು ವರ್ಷವಾದಾಗ ಜೀತ ಕಾನೂನಿಗೆ ವಿರುದ್ಧವೆಂದು ಅವನ ಕಿವಿಗೆ ಬಿತ್ತು. ತಪ್ಪಿಸಿಕೊಂಡು, ಜೀತ ವಿಮುಕ್ತಿ ಸಂಘಟನೆಯವರ ಶಾಲೆ ಸೇರಿದ. ಊರೂರು ತಿರುಗಿ ಉಳಿದ ಮಕ್ಕಳಿಗೂ ವಿಷಯ ಹೇಳಿದ. 1994ರ ಡಿಸೆಂಬರಿನಲ್ಲಿ ಒಂದು ಮಾನವ ಹಕ್ಕು ಪ್ರಶಸ್ತಿ ಪಡೆಯಲು ಅಮೆರಿಕದ ಬಾಸ್ಟನ್ನಿಗೆ ಹೋದ. ಆಗ ಸಮೀಪದ ಕ್ವಿನ್ಸಿ ಪಟ್ಟಣದ ಬ್ರಾಡ್ ಮೆಡೋಸ್ ಎಂಬ ಶಾಲೆಗೆ ಅವನನ್ನು ಕರೆದುಕೊಂಡು ಹೋದರು. ಅಲ್ಲಿನ ಮಕ್ಕಳಿಗೆ ಹನ್ನೆರಡು, ಹದಿಮೂರು ವಯಸ್ಸು. ಅವನಿಗೂ ಹೆಚ್ಚು ಕಡಿಮೆ ಅಷ್ಟೇ. ಆದರೆ ನೋಡಲು ಆರು ವರ್ಷದವನಷ್ಟು ಸಣ್ಣಗಿದ್ದ. ಹೊಟ್ಟೆಗಿಲ್ಲದೆ, ಬೆನ್ನು ಬಾಗಿಸಿ ಕೂತು ಬೆಳವಣಿಗೆ ನಿಂತಿತ್ತು.

ನಾಲ್ಕು ತಿಂಗಳ ನಂತರ, 1995ರ ಏಪ್ರಿಲ್ 16ರಂದು, ಇಕ್ಬಾಲ್ ತನ್ನೂರಿನಲ್ಲಿ ಗುಂಡೇಟಿಗೆ ಬಲಿಯಾದ.

ಸುದ್ದಿ ಕ್ವಿನ್ಸಿಯ ಮಕ್ಕಳಿಗೆ ತಲುಪಿತು. ಅವರು ಅತ್ತರು. ಅಷ್ಟಕ್ಕೇ ಬಿಡಲಿಲ್ಲ. ಎಲ್ಲ ಮಕ್ಕಳೂ ಶಾಲೆಗೆ ಹೋಗಬೇಕೆಂಬುದು ಅವನ ಆಸೆಯಾಗಿತ್ತಲ್ಲ, ಅವನ ಹೆಸರಿನಲ್ಲಿ ಅವನ ದೇಶದಲ್ಲೇ ಒಂದು ಶಾಲೆ ಕಟ್ಟೋಣ ಎಂದು ತೀರ್ಮಾನಿಸಿದರು. ಆಗಷ್ಟೇ ಬಂದಿದ್ದ ಇ-ಮೇಲ್ ಬಳಸಿ ಬೇರೆ ಶಾಲೆಗಳ ಮಕ್ಕಳಿಗೆ ಬರೆದರು. ಅವರು ಕೇಳಿದ್ದು ಒಬ್ಬರಿಂದ ಹನ್ನೆರಡು ಡಾಲರ್, ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು ನಾನೂರು ರೂಪಾಯಿ. ಹನ್ನೆರಡೇ ಏಕೆ? ಆ ಮಕ್ಕಳು ತಿಳಿದುಕೊಂಡಂತೆ ಇಕ್ಬಾಲನನ್ನು ಜೀತಕ್ಕೆ ಕಟ್ಟಿದ ಸಾಲ ಹನ್ನೆರಡು ಡಾಲರ್. ಅವನು ಸತ್ತಾಗಿನ ವಯಸ್ಸೂ ಹನ್ನೆರಡು.

ಹಣ ಬರತೊಡಗಿತು. ಒಟ್ಟು ಒಂದು ಲಕ್ಷ ಡಾಲರಿಗೂ ಮಿಕ್ಕಿತು. ಆಗಿನ ನಮ್ಮ ಮೂವತ್ತು ಲಕ್ಷ ರೂಪಾಯಿಗೂ ಹೆಚ್ಚು. ಮುಂದೆ ಅವರು ಮಾಡಿದ್ದನ್ನು ಗಮನಿಸಿ. ತಾವೇ ಹೋಗಿ ಕಟ್ಟಡ ಕಟ್ಟಲಿಲ್ಲ. ಪಾಕಿಸ್ತಾನದಲ್ಲೇ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಗೆ ಹೊಣೆ ಒಪ್ಪಿಸಿದರು. ಸೂಫಿ ಕವಿ ಬುಲ್ಲೇ ಶಾಹರ ಊರಾದ ಕಸೂರಿನಲ್ಲಿ, ದುಡಿಯುವ ಮಕ್ಕಳಿಗಾಗಿ, ಶಾಲೆ ತೆರೆಯಿತು. ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡಕ್ಕಿಂತ ಅಲ್ಲಿಗೆ ಮಗು ಬರುವುದು, ಬಂದ ಮಗು ಉಳಿಯುವುದು ಮುಖ್ಯವೆಂದು ಸ್ಥಳೀಯರಿಗೆ ಗೊತ್ತಿತ್ತು.

ಆ ಕಡೆ ಕೆನಡಾದಲ್ಲಿ ಕ್ರೇಗ್ ಕೀಲ್‌ಬರ್ಗರ್ ಎಂಬ ಹನ್ನೆರಡರ ಹುಡುಗ ಪತ್ರಿಕೆಯಲ್ಲಿ ಇಕ್ಬಾಲನ ಸಾವಿನ ಸುದ್ದಿ ಓದಿ ಸಹಪಾಠಿಗಳನ್ನು ಕೂಡಿಸಿ ಒಂದು ಸಂಘಟನೆ ಕಟ್ಟಿದ. ನಮ್ಮ ಪಶ್ಚಿಮ ಬಂಗಾಳದ ಮುರ್ಷಿದಾಬಾದಿನಲ್ಲಿ ಬಾಬರ್ ಅಲಿ ಎಂಬ ಹುಡುಗ 2002ರಲ್ಲಿ, ತನಗೆ ಒಂಬತ್ತು ವರ್ಷವಾಗಿದ್ದಾಗಲೇ, ಶಾಲೆಗೆ ಹೋಗಲಾಗದ ನೆರೆಯ ಮಕ್ಕಳನ್ನು ಮನೆಯ ಹಿತ್ತಲಿನಲ್ಲಿ ಕೂರಿಸಿ ಅಂದು ತಾನು ಕಲಿತದ್ದನ್ನು ಅಂದೇ ಸಂಜೆ ಕಲಿಸತೊಡಗಿದ. ಆಟವೆಂದು ಆರಂಭವಾದದ್ದು ನೂರಾರು ಮಕ್ಕಳ ಶಾಲೆಯಾಯಿತು. ಬಾಬರನ ಬಳಿ ಡಾಲರೂ ಇರಲಿಲ್ಲ, ಇ-ಮೇಲೂ ಇರಲಿಲ್ಲ.

ಒಂದು ಎಚ್ಚರಿಕೆ

ಸಿಹಿ ಮಾತ್ರ ಹೇಳಿ ಮುಗಿಸಿದರೆ ನಿಮಗೆ ಮೋಸವಾದಂತೆ. ಇನ್ನೊಂದು ಕಥೆಯನ್ನೂ ಕೇಳಿ.

1994ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಪಾಕಿಸ್ತಾನದ ಬಲ್ತಿಸ್ತಾನದಲ್ಲಿ ಶಾಲೆ ಕಟ್ಟುವ ಗ್ರೆಗ್ ಮಾರ್ಟೆನ್‌ಸನ್ ಎಂಬವರ ಕೆಲಸಕ್ಕಾಗಿ ಒಂದೊಂದೇ ಸೆಂಟಿನ ನಾಣ್ಯ ಕೂಡಿಸಿದರು. ಒಟ್ಟು 62,345 ನಾಣ್ಯ, ಅಂದರೆ 623 ಡಾಲರ್ 45 ಸೆಂಟು. ಅದು ಬೆಳೆದು ಸಾವಿರಾರು ಶಾಲೆಗಳ ಮಕ್ಕಳು ಸೇರಿದ ಅಭಿಯಾನವಾಯಿತು. 2006ರಲ್ಲಿ ಬಂದ ಅವರ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 2011ರಲ್ಲಿ ಪತ್ರಕರ್ತರು ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಕೆಲವು ಶಾಲೆಗಳು ಖಾಲಿಯಿದ್ದವು. ಹಣದ ಲೆಕ್ಕ ಸರಿಯಿರಲಿಲ್ಲ. ಮೊಂಟಾನ ರಾಜ್ಯದ ಅಟಾರ್ನಿ ಜನರಲ್ ತನಿಖೆ ನಡೆಸಿದರು. 2012ರಲ್ಲಿ ಅವರು ಸಂಸ್ಥೆಗೆ ಹತ್ತು ಲಕ್ಷ ಡಾಲರಿನಷ್ಟು ಹಿಂದಿರುಗಿಸಬೇಕೆಂದು ತೀರ್ಮಾನವಾಯಿತು. ಅವರು ಕಟ್ಟಿದ ಶಾಲೆಗಳಲ್ಲಿ ನಡೆಯುತ್ತಿದ್ದವೂ ಇದ್ದವು ಎಂಬುದನ್ನೂ ಹೇಳಬೇಕು. ಆದರೆ ಮಣ್ಣಿನ ಡಬ್ಬಿ ಒಡೆದು ನಾಣ್ಯ ಕೊಟ್ಟ ಮಗುವಿಗೆ ಏನೆಂದು ಉತ್ತರ ಕೊಡುವುದು?

ಮಗು ಕೊಡುವ ಒಂದು ರೂಪಾಯಿಗೂ ಲೆಕ್ಕವಿರಬೇಕು. ಕಟ್ಟಡದ ಚಿತ್ರ ತೋರಿಸಿದರೆ ಸಾಲದು. ಎರಡು ವರ್ಷದ ನಂತರ ಆ ಕಟ್ಟಡದಲ್ಲಿ ಎಷ್ಟು ಮಕ್ಕಳು ಕೂತಿದ್ದಾರೆ, ಪಾಠ ಮಾಡುವವರಿಗೆ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಬೇಕು. ದಾನ ಕೊಟ್ಟ ಮೇಲೆ ಕೇಳುವುದು ಸಣ್ಣತನವೆಂದು ನಮ್ಮಲ್ಲಿ ಒಂದು ಭಾವನೆಯಿದೆ. ಅನಾಥ ಮಕ್ಕಳ ಪಾಲನ್ನು ಕಾಯುವುದು ಹೇಗೆ ಸಣ್ಣತನವಾಗುತ್ತದೆ?

ಹರೇಕಳದ ಕಿತ್ತಳೆ ಬುಟ್ಟಿ

ಶಾಲೆ ಕಟ್ಟುವುದು ಎಂದರೆ ಏನೆಂದು ನಮ್ಮ ರಾಜ್ಯದಲ್ಲಿ ಚೆನ್ನಾಗಿ ತೋರಿಸಿಕೊಟ್ಟವರು ಹರೇಕಳ ಹಾಜಬ್ಬ. ಅವರ ಹೆಸರು ನಿಮಗೆ ಹೊಸದಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ತಲೆತಗ್ಗಿಸಿದರು. ತನ್ನೂರಿನ ಮಕ್ಕಳಿಗೆ ಈ ಅವಮಾನ ಬರಬಾರದೆಂದು ಹಟ ತೊಟ್ಟರು. ಅವರ ಕೆಲಸದ ಕ್ರಮ ನೋಡಿ. ಮೊದಲು ಊರಿನ ಮದ್ರಸದಲ್ಲಿ ಜಾಗ ಕೇಳಿದರು. 28 ಮಕ್ಕಳೊಂದಿಗೆ ನ್ಯೂಪಡ್ಪುವಿನಲ್ಲಿ ತರಗತಿ ಆರಂಭವಾಯಿತು. ಬಳಿಕ ಕಿತ್ತಳೆಯ ಉಳಿತಾಯ, ಊರವರ ನೆರವು ಸೇರಿಸಿ ಜಾಗ ಮಾಡಿದರು. ಜೊತೆಗೇ ಕಚೇರಿಯಿಂದ ಕಚೇರಿಗೆ ಅಲೆದು ಅದನ್ನು ಸರಕಾರಿ ಶಾಲೆಯಾಗಿ ಮಂಜೂರು ಮಾಡಿಸಿಕೊಂಡರು. ಹಾಗಾಗಿ ಶಿಕ್ಷಕರ ಸಂಬಳ ಸರಕಾರದ್ದಾಯಿತು. ಮುಂದೆ ಪ್ರೌಢಶಾಲೆಯೂ ಬಂತು. ಬಂದ ಪ್ರಶಸ್ತಿಗಳ ಹಣವೂ ಶಾಲೆಗೇ ಹೋಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿಯವರ ಎದುರು ಬರಿಗಾಲಲ್ಲಿ ನಡೆದು ಹೋಗಿ ಅದನ್ನು ಪಡೆದರು.

ಅವರು ಕೂಡಿಸಿದ್ದು ಹಣಕ್ಕಿಂತ ಹೆಚ್ಚಾಗಿ ಸಹಿಗಳನ್ನು. ಹಣ ಒಂದು ವರ್ಷ ಉಳಿಯುತ್ತದೆ. ಮಂಜೂರಾತಿಯ ಸಹಿ ತಲೆಮಾರು ಉಳಿಯುತ್ತದೆ.

ನಿಮ್ಮ ಮಗಳು ಕೇಳಿದರೆ

ಸಹೋದರಿ, ಇದನ್ನೆಲ್ಲ ನಿಮಗೆ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಮನೆಯ ಹದಿನಾಲ್ಕರ, ಹದಿನೈದರ ಮಕ್ಕಳು ಇಂದು ಮೊಬೈಲಿನಲ್ಲಿ ಗಾಝಾದ, ಸೂಡಾನಿನ, ಅಫ್ಘಾನಿಸ್ತಾನದ ಮಕ್ಕಳನ್ನು ನೋಡುತ್ತಾರೆ. "ನಾವೇನು ಮಾಡಬಹುದು ಅಮ್ಮಾ?" ಎಂದು ಕೇಳುತ್ತಾರೆ. "ನೀನು ಮೊದಲು ಪರೀಕ್ಷೆಗೆ ಓದು" ಎಂದು ಬಾಯಿ ಮುಚ್ಚಿಸಬೇಡಿ. ಕ್ವಿನ್ಸಿಯ ಮಕ್ಕಳೂ ಪರೀಕ್ಷೆಗೆ ಓದುತ್ತಿದ್ದವರೇ.

ಹೊರದೇಶಕ್ಕೆ ಹಣ ಕಳಿಸಲು ಕಾನೂನಿನ ದಾರಿಗಳಿವೆ, ಕಟ್ಟುಪಾಡುಗಳೂ ಇವೆ. ಗೊತ್ತಿಲ್ಲದ ಖಾತೆಗೆ ಮಕ್ಕಳ ಕೈಯಿಂದ ಹಣ ಹಾಕಿಸಬೇಡಿ. ಆದರೆ ಬಡ ದೇಶ ಹುಡುಕಲು ಕಡಲು ದಾಟಲೇಬೇಕೆಂದೇನಿಲ್ಲ. ಮಂಗಳೂರಿನಿಂದ ಕೊಹಿನೂರಿಗೆ ಬಂದರೆ ಸಾಕು. ಎರಡೂ ಒಂದೇ ರಾಜ್ಯದಲ್ಲಿವೆ, ಎರಡಕ್ಕೂ ಒಂದೇ ಪಠ್ಯಪುಸ್ತಕ, ಹತ್ತನೆಯ ತರಗತಿಗೆ ಒಂದೇ ಪ್ರಶ್ನೆಪತ್ರಿಕೆ. ಒಂದು ಕಡೆ ಟ್ಯೂಷನ್ನಿಗೆ ಹೋಗುವ ಮಗು, ಇನ್ನೊಂದು ಕಡೆ ಆರು ತಿಂಗಳು ಗಣಿತದ ಶಿಕ್ಷಕನನ್ನೇ ಕಾಣದ ಮಗು.

ಕೊಹಿನೂರಿನ ಜನ ಯಾರ ಮುಂದೆಯೂ ಕೈಯೊಡ್ಡಿ ನಿಂತಿಲ್ಲ. ಕಟ್ಟಡ ಕಟ್ಟಿಸಿ ಹೆಸರು ಕೆತ್ತಿಸಲು ಹೋಗುವ ದಾನಿಯನ್ನು ಅವರು ಬಯಸುವುದೂ ಇಲ್ಲ. ಏನು ಬೇಕೆಂದು ಮೊದಲು ಕೇಳಬೇಕು. ಬಸ್ಸಿನ ಹುಡುಗಿ ನನಗೆ ಹೇಳಿದ್ದು ಖೋಲಿಯ ಕೊರತೆಯಲ್ಲ, ಲೆಕ್ಕದ ಮಾಸ್ತರರ ಕೊರತೆ. ಇನ್ನೊಂದು ಊರಿಗೆ ಬೇಕಾದದ್ದು ಹುಡುಗಿಯರ ಶೌಚಾಲಯಕ್ಕೆ ನೀರು ಇರಬಹುದು. ಮತ್ತೊಂದಕ್ಕೆ ಕನ್ನಡ-ಉರ್ದು ಶಬ್ದಕೋಶ, ಹಳೆಯ ಪ್ರಶ್ನೆಪತ್ರಿಕೆ, ಸಂಜೆ ಎರಡು ಗಂಟೆ ಪಾಠ ಹೇಳುವ ಊರಿನದೇ ಪದವೀಧರ ಹುಡುಗಿಗೆ ತಿಂಗಳ ಗೌರವಧನ. ಇಂಥದ್ದಕ್ಕೆ ಒಂದು ತರಗತಿಯ ಮಕ್ಕಳು ಈದಿಯ ಹಣದಲ್ಲಿ ಸ್ವಲ್ಪ ತೆಗೆದಿಟ್ಟರೂ ವರ್ಷ ನಡೆಸಬಹುದು. ಲೆಕ್ಕವನ್ನು ಮಕ್ಕಳೇ ಬರೆಯಲಿ. ಕೊಟ್ಟವರು, ಪಡೆದವರು ಇಬ್ಬರೂ ನೋಡುವಂತಿರಲಿ.

ಕೊಹಿನೂರಿನಲ್ಲೋ ಹುಮನಾಬಾದಿನಲ್ಲೋ ಕೂತು ಇದನ್ನು ಓದುತ್ತಿರುವ ತಾಯಂದಿರಿಗೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರೆಗೆ ಮಾತ್ರ ಕೈಹಿಡಿಯುತ್ತದೆ. ಹುಡುಗಿಯ ಕಷ್ಟ ಶುರುವಾಗುವುದೇ ಅಲ್ಲಿಂದ ಮುಂದೆ. ಆದರೆ ಅದೇ ಕಾಯಿದೆ ನಿಮಗೊಂದು ಕುರ್ಚಿ ಕೊಟ್ಟಿದೆ. ಪ್ರತಿ ಸರಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ನಮ್ಮ ರಾಜ್ಯದಲ್ಲಿ ಎಸ್.ಡಿ.ಎಂ.ಸಿ. ಎನ್ನುವುದು ಅದಕ್ಕೇ, ಮುಕ್ಕಾಲು ಪಾಲು ಸದಸ್ಯರು ಹೆತ್ತವರಿರಬೇಕು. ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ಎಷ್ಟೋ ಕಡೆ ಹೆಂಡತಿಯ ಹೆಸರು ಪುಸ್ತಕದಲ್ಲಿರುತ್ತದೆ, ಸಭೆಗೆ ಗಂಡ ಹೋಗುತ್ತಾನೆ. ನೀವೇ ಹೋಗಿ. ಹುದ್ದೆ ಖಾಲಿಯಿದೆ, ಅತಿಥಿ ಶಿಕ್ಷಕರನ್ನು ಕೊಡಿ ಎಂದು ಬರೆದುಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಸಹಿ ಹಾಕಲು ಬಾರದಿದ್ದರೆ ಮಗಳ ಹತ್ತಿರ ಒಂದು ವಾರ ಕಲಿಯಿರಿ. 2013ರಲ್ಲಿ ಜಾರಿಗೆ ಬಂದ 371-ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿ, ಸರಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿದೆ. ಆ ಬಾಗಿಲವರೆಗೆ ತಲುಪಲು ಹತ್ತನೆಯ ತರಗತಿ ದಾಟಲೇಬೇಕು.

ನಮ್ಮವರು ಮದ್ರಸವೊಂದನ್ನೇ ನಂಬಿ ಕೂತಿದ್ದಾರೆಂದು ಹೇಳುವವರಿಗೆ ಸಾಚಾರ್ ಸಮಿತಿ 2006ರಲ್ಲೇ ಉತ್ತರ ಕೊಟ್ಟಿದೆ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಪೂರ್ಣಾವಧಿ ಮದ್ರಸದಲ್ಲಿ ಓದುವವರು ಸುಮಾರು ಶೇ. 3 ಮಾತ್ರ ಎಂದು ಅದು ಹೇಳಿತು. ಅದೇ ವರದಿ ಆರರಿಂದ ಹದಿನಾಲ್ಕರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ನಡುವೆ ಬಿಟ್ಟಿದೆ ಎಂದೂ ಹೇಳಿತು. ಮೊದಲ ಸಂಖ್ಯೆಯನ್ನು ನಾವು ವೇದಿಕೆಗಳಲ್ಲಿ ಬಹಳ ಸಲ ಹೇಳಿದ್ದೇವೆ. ಎರಡನೆಯದನ್ನು ಮನೆಯೊಳಗೆ ಹೇಳಿಕೊಳ್ಳಬೇಕಾಗಿದೆ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಬೀದರಿಗೆ ಕರೆದುಕೊಂಡು ಬನ್ನಿ. ಗವಾನ್ ಮದ್ರಸ ತೋರಿಸಿ, ಕಲ್ಯಾಣದ ಕೋಟೆ ತೋರಿಸಿ. ಒಂದು ದಿನ ಬಿಡುವು ಮಾಡಿಕೊಂಡು ಒಳಗಿನ ಒಂದು ಹಳ್ಳಿಗೂ ಹೋಗಿ, ಅಲ್ಲಿನ ಮಕ್ಕಳ ಜೊತೆ ನಿಮ್ಮ ಮಕ್ಕಳು ಕೂತು ಮಾತಾಡಲಿ. ಯಾರಿಗೆ ಯಾವ ಪಾಠ ಕಷ್ಟ ಎಂದು ಪರಸ್ಪರ ಕೇಳಲಿ. ಏನು ಮಾಡಬಹುದೆಂದು ಅವರೇ ಹೇಳುತ್ತಾರೆ. ಆಗ ನೀವು ಮಾಡಬೇಕಾದದ್ದು ಇಷ್ಟೇ: ಒಂದು ನೂರು ಪುಟದ ನೋಟ್ ಪುಸ್ತಕ ತಂದುಕೊಟ್ಟು, ಮೊದಲ ಪುಟದಲ್ಲಿ ಜಮಾ, ಖರ್ಚು ಎಂದು ಎರಡು ಗೆರೆ ಎಳೆದುಕೊಡುವುದು.